ಬಾಡಿಗೆ ಎಂಟು ಸಾವಿರ ಕಮ್ಮಿ ಯಾಕೆ?

ಮುಂಬೈಯಲ್ಲಿ ಬಾಡಿಗೆಗೆ ಮನೆ ಹುಡುಕುವವರು ಮೊದಲು ಕೇಳುವುದು ಸ್ಟೇಷನ್ ಎಷ್ಟು ದೂರ ಅಂತ, ಆಮೇಲೆ ನೀರು ಎಷ್ಟು ಹೊತ್ತು ಬರುತ್ತೆ ಅಂತ. ಕಟ್ಟಡದ ಮೇಲೆ ನೋಟಿಸ್ ಏನಾದ್ರೂ ಇದೆಯಾ ಅಂತ ಕೇಳುವವರು ತೀರಾ ಕಮ್ಮಿ. ಹುಬ್ಬಳ್ಳಿಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಆಫೀಸಿಗೆ ನನಗೆ ವರ್ಗ ಆದಾಗ ಈ ಹುಳ ತಲೆಗೆ ಬಿಟ್ಟವರು ಮಾಟುಂಗದಲ್ಲಿರುವ ನಮ್ಮ ಸೋದರಮಾವ. ಅವರು ಊರು ಬಿಟ್ಟು ನಲವತ್ತು ವರ್ಷ ದಾಟಿದೆ, ಮಾತು ಮಾತ್ರ ಇನ್ನೂ ಧಾರವಾಡದ್ದೇ.

“ಮನಿ ಆಮ್ಯಾಲೆ ನೋಡಿದ್ರಾತು. ಮೊದಲ ಆ ಬಿಲ್ಡಿಂಗಿಗೆ ಓಸಿ ಐತೇನು, ಯಾವುದರೆ ಲಿಸ್ಟಿನ್ಯಾಗ ಐತೇನು, ಕೇಳ್ಕೊಂಡು ಬಾ” ಅಂದರು.

ಓಸಿ ಅಂದರೆ ಆಕ್ಯುಪೇಷನ್ ಸರ್ಟಿಫಿಕೇಟ್. ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ಇನ್ನು ಜನ ವಾಸ ಮಾಡಬಹುದು ಅಂತ ಕೊಡುವ ಕಾಗದ. ನಮ್ಮ ಕಡೆ ಬಾಡಿಗೆಗೆ ಹೋಗುವವರು ಇದನ್ನು ಕೇಳಿದರೆ ಮಾಲೀಕರು ನಕ್ಕಾರು. ಮಾವ ಹಾಗೆ ಹೇಳೋಕೆ ಕಾರಣ ಇತ್ತು. ಅವರು ಇರುವುದು ಪಾಗ್ಡಿ ಮನೆಯಲ್ಲಿ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಮ್ಮಿ ಬಾಡಿಗೆಗೆ ಕಾಯಂ ಹಿಡಿದ ಮನೆಯಲ್ಲಿ. ಅದು ರಿಪೇರಿಗೆ ಅಂತ ಸೆಸ್ ಅನ್ನುವ ತೆರಿಗೆ ಕಟ್ಟುವ ಹಳೇ ಬಿಲ್ಡಿಂಗು. ಮೆಟ್ಟಿಲ ಕೆಳಗೆ ಕಬ್ಬಿಣದ ಟೇಕು ಕೊಟ್ಟು ನಿಲ್ಲಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಪೇಪರಿನಲ್ಲಿ ಬಂದ ದಿನ ಅವರು ಚಹಾಕ್ಕಿಂತ ಮೊದಲು ಅದನ್ನು ಓದುತ್ತಾರೆ.

ನಾವು ನೋಡಿದ್ದು ಚೆಂಬೂರ್ ಕಡೆ. ಆಫೀಸು ಹತ್ತಿರ. ಅಕ್ಕಪಕ್ಕ ಕನ್ನಡ, ತುಳು ಆಡುವವರು ಒಬ್ಬಿಬ್ಬರಾದರೂ ಸಿಗುತ್ತಾರೆ, ಅಮ್ಮನಿಗೆ ಅದು ಮುಖ್ಯ. ಅಮ್ಮನಿಗೆ ಮೊಣಕಾಲು ನೋವು ಬೇರೆ. ಹಾಗಾಗಿ ಲಿಫ್ಟ್ ಇರಬೇಕು, ಇಲ್ಲವೇ ಮೊದಲನೇ ಮಹಡಿಗಿಂತ ಮೇಲೆ ಬೇಡ.

ಬ್ರೋಕರ್ ಮೊದಲು ತೋರಿಸಿದ ಮನೆಯೇ ಎಲ್ಲರಿಗೂ ಹಿಡಿಸಿತು. ಸ್ಟೇಷನ್ನಿಗೆ ನಡೆದು ಹೋಗಬಹುದು. ನಾಲ್ಕು ಮಹಡಿಯ ಹಳೇ ಸೊಸೈಟಿ (ಮನೆ ಮಾಲೀಕರ ಸಹಕಾರಿ ಸಂಘದ ಕಟ್ಟಡ), ಕೆಳಗೆ ಅಂಗಡಿಗಳು, ಮೊದಲನೇ ಮಹಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿರುವ 1 ಬಿಎಚ್‌ಕೆ. ಒಳಗೆ ಹೊಸ ಬಣ್ಣ, ಅಡುಗೆಮನೆಗೆ ಹೊಸ ಟೈಲ್ಸ್. ಬಾಡಿಗೆ ಅದೇ ಗಲ್ಲಿಯ ಬೇರೆ ಮನೆಗಳಿಗಿಂತ ಎಂಟು ಸಾವಿರ ಕಮ್ಮಿ. ಯಾಕೆ ಅಂತ ಕೇಳಿದೆ. ಮಾಲೀಕರು ದುಬೈನಲ್ಲಿದ್ದಾರೆ, ಮನೆ ಖಾಲಿ ಬಿಡಲು ಇಷ್ಟವಿಲ್ಲ, ಅಷ್ಟೇ ಅಂದ. ಬಿಲ್ಡಿಂಗ್ ಹೇಗೆ ಅಂದರೆ, “ಮ್ಹಾಡಾ ಲಿಸ್ಟ್ ನೋಡಿ ಸರ್, ಅದರಲ್ಲಿ ಈ ಬಿಲ್ಡಿಂಗ್ ಹೆಸರೇ ಇಲ್ಲ” ಅಂತ ಫೋನ್ ತೆಗೆದು ತೋರಿಸಿಯೇ ಬಿಟ್ಟ.

ಅವನು ಸುಳ್ಳು ಹೇಳಿರಲಿಲ್ಲ. ಆ ಪಟ್ಟಿಯಲ್ಲಿ ಅದರ ಹೆಸರು ಬರುವ ಹಾಗೇ ಇಲ್ಲ. ಮ್ಹಾಡಾ ಅಂದರೆ ಮಹಾರಾಷ್ಟ್ರ ಸರ್ಕಾರದ ವಸತಿ ಪ್ರಾಧಿಕಾರ. ಅದರ ದುರಸ್ತಿ ಮಂಡಳಿ ನೋಡಿಕೊಳ್ಳುವುದು ಸೆಸ್ ಕಟ್ಟಡಗಳನ್ನು. ಅಂದರೆ ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೇ ನಗರದಲ್ಲಿ 1969ಕ್ಕೂ ಮುಂಚೆ ಕಟ್ಟಿದವು. ಚೆಂಬೂರ್ ಉಪನಗರ. ಇಲ್ಲಿನ ಕಟ್ಟಡಗಳಿಗೆ ಸೆಸ್ಸೂ ಇಲ್ಲ, ಆ ಪಟ್ಟಿಯೂ ಇಲ್ಲ. ಇಲ್ಲಿಗೆ ಬೇಕಾದದ್ದು ಬಿಎಂಸಿ, ಅಂದರೆ ಮುಂಬೈ ಮಹಾನಗರ ಪಾಲಿಕೆಯ ಪಟ್ಟಿ. ಬ್ರೋಕರ್ ಮಾತು ಕೇಳಿ ಮಾವ ಫೋನಿನಲ್ಲೇ ನಕ್ಕರು. “ಧಾರವಾಡದ ಮತದಾರರ ಯಾದಿಯೊಳಗ ಬೆಳಗಾವಿ ಮಂದಿ ಹೆಸರು ಹುಡುಕಿದಂಗಾತು!”

ಬಿಎಂಸಿ ಕಟ್ಟಡಗಳನ್ನು ಹೀಗೆ ವಿಂಗಡಿಸುತ್ತದೆ: ಸಿ-1 ಅಂದರೆ ಖಾಲಿ ಮಾಡಿಸಿ ಕೆಡವಬೇಕಾದದ್ದು. ಸಿ-2ಎ ಅಂದರೆ ಪೂರ್ತಿಯೋ ಸ್ವಲ್ಪ ಭಾಗವೋ ಖಾಲಿ ಮಾಡಿಸಿ ದೊಡ್ಡ ರಿಪೇರಿ ಮಾಡಬೇಕಾದದ್ದು. ಸಿ-2ಬಿ ಅಂದರೆ ಜನ ಇದ್ದಂತೆಯೇ ಕಂಬ, ತೊಲೆಗಳ ರಿಪೇರಿ. ಸಿ-3 ಅಂದರೆ ಸಣ್ಣಪುಟ್ಟದ್ದು. ಮಳೆಗಾಲಕ್ಕೆ ಮುಂಚೆ ಪೇಪರಿನಲ್ಲಿ ಬರುವುದು ಸಿ-1 ಪಟ್ಟಿ. ವಾರ್ಡ್ ಪ್ರಕಾರ ಹೆಸರು, ವಿಳಾಸ ಇರುತ್ತದೆ. ಚೆಂಬೂರ್ ಸೇರುವುದು ಎಂ-ವೆಸ್ಟ್ ವಾರ್ಡಿಗೆ. ಅದರಲ್ಲೂ ನಮ್ಮ ಕಟ್ಟಡ ಇರಲಿಲ್ಲ. ಹೆಂಡತಿ ಸಮಾಧಾನದ ಉಸಿರು ಬಿಟ್ಟಳು. ನನಗೆ ಸಮಾಧಾನ ಆಗಲಿಲ್ಲ.

ಅದಕ್ಕೆ ಕಾರಣ ಪಕ್ಕದ ಕುರ್ಲಾದ ನಾಯಕ್ ನಗರ. 2022ರ ಜೂನ್ 27ರ ರಾತ್ರಿ ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಬಿದ್ದು 19 ಜನ ಸತ್ತರು. ಬಾಡಿಗೆಗೆ ಇದ್ದ ಕೂಲಿಕಾರರೇ ಅವರಲ್ಲಿ ಬಹಳ. ಆ ಕಟ್ಟಡಕ್ಕೆ 2013ರಿಂದಲೇ ನೋಟಿಸ್ ಹೋಗಿದ್ದವು. ಒಮ್ಮೆ ಸಿ-1ಕ್ಕೆ ಸೇರಿದ್ದದ್ದು ಆಮೇಲೆ ಇನ್ನೊಂದು ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ವರದಿಯಿಂದ ರಿಪೇರಿ ಮಾಡಬಹುದಾದ ವರ್ಗಕ್ಕೆ ಇಳಿದಿತ್ತು. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕಟ್ಟಡಕ್ಕೆ ಕಾಯಿಲೆ ಇಲ್ಲ ಅಂತ ಹೇಳೋಕಾಗಲ್ಲ. ಕಾಯಿಲೆ ಇದ್ದರೆ ಅದರ ಕಾಗದ ಎಲ್ಲಿರುತ್ತದೆ? ಸೊಸೈಟಿ ಆಫೀಸಿನ ಕಪಾಟಿನಲ್ಲಿ, ಇಲ್ಲವೇ ವಾರ್ಡ್ ಆಫೀಸಿನ ಬಿಲ್ಡಿಂಗ್ ಅಂಡ್ ಫ್ಯಾಕ್ಟರಿ ವಿಭಾಗದಲ್ಲಿ.

ಅದಕ್ಕೂ ಮುಂಚೆ ಒಂದು ಜಾಗ ಇದೆ, ಅದಕ್ಕೆ ಯಾರ ಪರವಾನಗಿಯೂ ಬೇಡ. ಸೊಸೈಟಿ ನೋಟಿಸ್ ಬೋರ್ಡು. ಬ್ರೋಕರ್ ಜೊತೆ ಹೋದಾಗ ಅವನು ನಮ್ಮನ್ನು ನಿಲ್ಲಲು ಬಿಡದೆ ಮೆಟ್ಟಿಲು ಹತ್ತಿಸಿದ್ದ. ಎರಡನೇ ಸಲ ಸಂಜೆ ಅಮ್ಮನನ್ನು ಕರೆದುಕೊಂಡು ಸುಮ್ನೆ ಹೋದೆ. ಬೋರ್ಡಿನಲ್ಲಿ ನೀರಿನ ಟ್ಯಾಂಕ್ ತೊಳೆಯುವ ದಿನಾಂಕ, ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವರ ಯಾದಿ, ಗಣಪತಿ ವರ್ಗಣಿ. ಇದರ ಕೆಳಗೆ ವಿಶೇಷ ಸಾಮಾನ್ಯ ಸಭೆಯ ಮರಾಠಿ ನೋಟಿಸು. ವಿಷಯ: ಕಲಂ 79-ಎ ಪ್ರಕಾರ ಪುನರ್ವಿಕಾಸ, ಸಲಹೆಗಾರರ ನೇಮಕ. ದೇವನಾಗರಿ ಓದಲು ಬಂದರೆ ಸಾಕು, ಅರ್ಥ ಆಗಿಬಿಡುತ್ತದೆ. 79-ಎ ಅಂದರೆ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಕಲಂ. ಸೊಸೈಟಿಗಳು ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಿಸುವಾಗ ಹೇಗೆ ನಡೆದುಕೊಳ್ಳಬೇಕು ಅನ್ನುವ ಸರ್ಕಾರದ ಸೂಚನೆ ಇದರಡಿ ಬರುತ್ತದೆ. 2009ರಲ್ಲಿ ಬಂತು, 2019ರಲ್ಲಿ ಪರಿಷ್ಕರಿಸಿದರು.

ಎಂಟು ಸಾವಿರ ಕಮ್ಮಿಯ ಗುಟ್ಟು ಅರ್ಧ ಅಲ್ಲೇ ಸಿಕ್ಕಿತು. ಇನ್ನರ್ಧ ಸಿಕ್ಕಿದ್ದು ಗೇಟಿನ ಹೊರಗೆ.

ಪಕ್ಕದ ಕಟ್ಟಡದಲ್ಲಿ ಸಾರುವೆ ಕಟ್ಟಿ ಕೆಲಸ ನಡೆದಿತ್ತು. ಅಮ್ಮ ಕಾಲು ನೋವು ಅಂತ ಅಂಗಡಿ ಕಟ್ಟೆ ಮೇಲೆ ಕೂತಳು. ನಾವು ಕನ್ನಡ ಮಾತಾಡುವುದು ಕೇಳಿ ಒಬ್ಬ ಗೌಂಡಿ ಹತ್ತಿರ ಬಂದ. ಸಿಂದಗಿ ಕಡೆಯವನು. ಅಮ್ಮನಿಗೆ ಊರಿನವರು ಸಿಕ್ಕಷ್ಟು ಖುಷಿ, ನೀರು ಕೊಡಿಸಿ ಮಕ್ಕಳೆಷ್ಟು ಅಂತೆಲ್ಲಾ ವಿಚಾರಿಸಿದಳು. ಆ ಮೊದಲನೇ ಮಹಡಿ ಮನೆ ನೋಡಿದೀವಿ ಅಂದಾಗ ಅವನು ತಲೆ ಅಲ್ಲಾಡಿಸಿದ. “ಹ್ವಾದ ವರ್ಷ ಅದಕ್ಕ ನಾವ ಪ್ಲಾಸ್ಟರ್ ಹೊಡದೀವ್ರಿ ಅಣ್ಣಾರ. ಬರ್ರಿ ತೋರಸ್ತೀನಿ.”

ಅಂಗಡಿಗಳ ಹಿಂದೆ ಪಾರ್ಕಿಂಗಿಗೆ ಕರೆದೊಯ್ದ. ಮೂಲೆಯ ಕಂಬಕ್ಕೆ ಕರಣಿಯ ಹಿಡಿಕೆಯಿಂದ ಬಡಿದ. ಮೇಲಿಂದ ಎದೆ ಮಟ್ಟದವರೆಗೆ ಗಟ್ಟಿ ಸದ್ದು. ಅದರ ಕೆಳಗೆ ಡಬಡಬ ಅಂತ ಪೊಳ್ಳು ಸದ್ದು. “ಒಳಗ ಸರಳು ತುಕ್ಕು ಹಿಡದು ಉಬ್ಬೇತ್ರಿ. ಬೆರಳಾಗ ಒತ್ತಿದ್ರ ಪಾಪಡಿ ಹಂಗ ಉದುರ್ತಿತ್ತು. ಕೆರದು ಬಣ್ಣ ಹಚ್ಚಿ ಮ್ಯಾಲೆ ಸಿಮೆಂಟ್ ಬಳದೀವಿ. ಮಾಲಕ ಅಷ್ಟ ಮಾಡು ಅಂದ್ರು, ನಾವು ಅಷ್ಟ ಮಾಡಿದ್ವಿ.” ಕಂಬದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಸರಳಿನ ಗುಂಟ ನೇರ ಮೇಲಕ್ಕೆ ಹೋಗಿತ್ತು. ಅದರಿಂದ ಕಂದು ನೀರು ಇಳಿದ ಕಲೆ. ಉದ್ದಕ್ಕೆ ಹೀಗೆ ನೇರ ಬಂದ ಬಿರುಕು ಸರಳಿನ ತುಕ್ಕಿನದು, ಜಾಳಿಗೆಯಂತೆ ಹರಡಿದ್ದರೆ ಹೆಚ್ಚಾಗಿ ಮೇಲಿನ ಗಿಲಾವದ್ದು. ಇದನ್ನೂ ಅವನೇ ಹೇಳಿಕೊಟ್ಟ.

ಸೆಕ್ರೆಟರಿ ಕಾಕಾ ಒಳ್ಳೆಯ ಮನುಷ್ಯ. ನಿವೃತ್ತ ಶಿಕ್ಷಕರು. ಬಾಡಿಗೆದಾರರು ಯಾರೂ ಹೀಗೆ ಬಂದು ಕೇಳಿದ್ದಿಲ್ಲ ಅಂತ ಅವರಿಗೆ ಆಶ್ಚರ್ಯ. ಸದಸ್ಯರಲ್ಲದವರಿಗೆ ದಾಖಲೆ ತೋರಿಸಲೇಬೇಕು ಅಂತ ಕಾನೂನು ಇಲ್ಲ. ಅದಕ್ಕೇ ನಾನು ಬೇಡಿಕೆ ಇಡದೆ, ಅಮ್ಮ, ಮಗಳು ಇದ್ದಾರೆ, ಮಳೆಗಾಲ ಹತ್ತಿರ ಬಂತು ಅಂತ ಹೇಳಿಕೊಂಡೆ. ಅವರು ಸ್ಟ್ರಕ್ಚರಲ್ ಆಡಿಟ್ ಫೈಲು ತೆಗೆದು ಮುಂದಿಟ್ಟರು.

ಮುಂಬೈ ಪಾಲಿಕೆ ಕಾಯ್ದೆಯ 353-ಬಿ ಪ್ರಕಾರ 30 ವರ್ಷ ದಾಟಿದ ಕಟ್ಟಡ ನೋಂದಾಯಿತ ಎಂಜಿನಿಯರಿಂದ ಆಡಿಟ್ ಮಾಡಿಸಿ ಪ್ರಮಾಣಪತ್ರ ಕೊಡಬೇಕು. ಸೊಸೈಟಿಗಳ ಮಾದರಿ ಬೈಲಾ ಇನ್ನೂ ಬಿಗಿ: 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ. ಆದ್ದರಿಂದ ಹಳೇ ಕಟ್ಟಡದವರು ಆಡಿಟ್ ಆಗಿಲ್ಲ ಅಂದರೆ ಅದೇ ಒಂದು ಉತ್ತರ.

ಇಲ್ಲಿ ಆಗಿತ್ತು. ಮೊದಲ ಪುಟದಲ್ಲೇ ಸಿ-2ಎ ಅಂತ ಇತ್ತು. ಒಳಗೆ ಒಂದು ಕೋಷ್ಟಕ, ಕಂಬಗಳ ನಂಬರ್, ಎದುರಿಗೆ ಅಂಕಿ: 2.4, 2.9, 2.1, 3.2. ಕಾಕಾರ ಒಪ್ಪಿಗೆ ಕೇಳಿ ಅದೊಂದು ಪುಟದ ಫೋಟೋ ತೆಗೆದು ಬೆಳಗಾವಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ಭಾವನಿಗೆ ಕಳಿಸಿದೆ. ಅದು ಅಲ್ಟ್ರಾಸಾನಿಕ್ ಪರೀಕ್ಷೆಯ ಅಂಕಿಯಂತೆ. ಕಾಂಕ್ರೀಟಿನೊಳಗೆ ಶಬ್ದದ ಅಲೆ ಎಷ್ಟು ವೇಗವಾಗಿ ಹಾಯುತ್ತದೆ ಅಂತ ನೋಡುವುದು. ಒಳಗೆ ಪೊಳ್ಳು, ಬಿರುಕು ಇದ್ದರೆ ಅಲೆ ಸುತ್ತಿ ಬರಬೇಕು, ವೇಗ ಇಳಿಯುತ್ತದೆ. ಹಳೇ ಐಎಸ್ 13311 ಮಾನಕದ ಪ್ರಕಾರ (2018ರಲ್ಲಿ ಅದರ ಜಾಗಕ್ಕೆ ಐಎಸ್ 516 ಬಂತು) ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಮೇಲಿದ್ದರೆ ಒಳ್ಳೇ ಕಾಂಕ್ರೀಟು, 3ಕ್ಕಿಂತ ಕೆಳಗಿದ್ದರೆ ಅನುಮಾನದ್ದು. ಭಾವ ಬರೆದದ್ದು ಒಂದೇ ಸಾಲು: “2.1 ಇರುವ ಕಂಬ ಯಾವ ಮೂಲೇದು ನೋಡು.” ಗೌಂಡಿ ಬಡಿದು ತೋರಿಸಿದ ಮೂಲೆಯದೇ.

ಕಾಕಾ ಇನ್ನೊಂದು ಮಾತು ಹೇಳಿದರು, ಮರಾಠಿಯಲ್ಲಿ, ಸಂಕೋಚದಿಂದ. ಡೆವಲಪರ್ ಗೊತ್ತಾದ ಮೇಲೆ ಎಲ್ಲರೂ ಖಾಲಿ ಮಾಡಬೇಕು. ಆಗ ಬೇರೆ ಕಡೆ ಇರಲು ಬಾಡಿಗೆ ಹಣ, ಸಾಮಾನು ಸಾಗಿಸುವ ಖರ್ಚು ಎಲ್ಲಾ ಸಿಗುವುದು ಸದಸ್ಯರಿಗೆ, ಅಂದರೆ ದುಬೈನಲ್ಲಿರುವ ಮಾಲೀಕರಿಗೆ. ಲೀವ್ ಅಂಡ್ ಲೈಸೆನ್ಸ್ ಮೇಲೆ, ಅಂದರೆ ಇಷ್ಟು ತಿಂಗಳಿಗೆ ಅಂತ ಕರಾರು ಮಾಡಿಕೊಂಡು ಬಾಡಿಗೆಗೆ ಇರುವವರಿಗೆ ಅದರಲ್ಲಿ ಪಾಲಿಲ್ಲ. ಪಾಗ್ಡಿಯವರಿಗೆ ಹಕ್ಕಿದೆ, ನಮ್ಮಂಥವರಿಗೆ ಇಲ್ಲ.

ಇಷ್ಟು ಗೊತ್ತಾದ ಮೇಲೂ ಕೆಳಗಿನ ಅಂಗಡಿಗಳ ಬಗ್ಗೆ ನನಗೆ ಕೆರೆತ ಉಳಿದಿತ್ತು. ಒಂದು ಅಂಗಡಿಯೊಳಗೆ ಗೋಡೆ ಒಡೆದು ದೊಡ್ಡದು ಮಾಡಿದ ಗುರುತಿತ್ತು. 2017ರ ಜುಲೈ 25ರಂದು ಘಾಟ್ಕೋಪರ್‌ನ ಸಿದ್ಧಿ ಸಾಯಿ ಕಟ್ಟಡ ಬಿದ್ದು 17 ಜನ ಸತ್ತಿದ್ದು ನೆಲಮಹಡಿಯ ರಿನೋವೇಷನ್ ನಡೆಯುತ್ತಿದ್ದಾಗ. ಹಾಗಾಗಿ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ವಾರ್ಡ್ ಆಫೀಸಿಗೆ ಆರ್‌ಟಿಐ ಅರ್ಜಿ ಹಾಕಿದೆ. “ಕಟ್ಟಡದ ಮಾಹಿತಿ ಕೊಡಿ” ಅಂತ ಬರೆದರೆ ಏನೂ ಬರುವುದಿಲ್ಲ, ಕಲಂ ಹೆಸರಿಸಿ ಕೇಳಬೇಕು: ಪಾಲಿಕೆ ಕಾಯ್ದೆಯ 351 ಅಂದರೆ ಅನಧಿಕೃತವಾಗಿ ಕಟ್ಟಿದ್ದಕ್ಕೆ ಕೊಡುವ ನೋಟಿಸು, 354 ಅಂದರೆ ಅಪಾಯಕಾರಿ ಕಟ್ಟಡಕ್ಕೆ, 354-ಎ ಅಂದರೆ ಕೆಲಸ ನಿಲ್ಲಿಸಿ ಅನ್ನುವುದಕ್ಕೆ, 353-ಬಿ ಆಡಿಟ್‌ಗೆ. ಜೊತೆಗೆ ನಗರ ಯೋಜನೆ ಕಾಯ್ದೆಯ 53. ಉತ್ತರಕ್ಕೆ 30 ದಿನ ಗಡುವು. ಮುಂಬೈಯಲ್ಲಿ ಮನೆ 30 ಗಂಟೆ ಕಾಯುವುದಿಲ್ಲ. ಉತ್ತರ ಮಾವನ ವಿಳಾಸಕ್ಕೆ ಬರುವ ಹೊತ್ತಿಗೆ ನಾವು ಆ ಮನೆಯ ಆಸೆ ಬಿಟ್ಟಾಗಿತ್ತು. ಒಂದು ಅಂಗಡಿಗೆ 351ರ ನೋಟಿಸ್ ಹೋಗಿದ್ದದ್ದು ಅದರಲ್ಲಿತ್ತು. ಹಾಗಂತ ಆರ್‌ಟಿಐ ದಂಡ ಅಂತಲ್ಲ. ವರ್ಷಗಟ್ಟಲೆ ಇರೋ ಯೋಚನೆ ಇದ್ದರೆ ಹಾಕಿಡುವುದು ಒಳ್ಳೆಯದು.

ತಕ್ಷಣಕ್ಕೆ ಕೆಲಸಕ್ಕೆ ಬರುವುದು ನೋಂದಣಿ ಇಲಾಖೆಯ ಇ-ಸರ್ಚ್. ಗ್ರಾಮ, ಸಿಟಿಎಸ್ ನಂಬರ್ (ಜಾಗದ ಸಿಟಿ ಸರ್ವೆ ನಂಬರ್), ವರ್ಷ ಕೊಟ್ಟರೆ ಆ ಜಾಗದ ಮೇಲೆ ನೋಂದಣಿಯಾದ ಕಾಗದಗಳ ಇಂಡೆಕ್ಸ್-2 ಅನ್ನುವ ಸಾರಾಂಶ ಕಾಣುತ್ತದೆ. ಸಿಟಿಎಸ್ ನಂಬರ್ ಎಲ್ಲಿ ಸಿಗುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಮಾಲೀಕರ ಹಳೇ ಅಗ್ರಿಮೆಂಟಿನಲ್ಲಿ ಇರುತ್ತದೆ. ಎರಡು ವಿಷಯ ನೋಡಬೇಕು. ಮನೆ ಬಾಡಿಗೆಗೆ ಕೊಡುತ್ತಿರುವವರ ಹೆಸರಲ್ಲೇ ಇದೆಯಾ? “ವಿಕಸನ ಕರಾರನಾಮಾ” (ಡೆವಲಪರ್ ಜೊತೆಗಿನ ಒಪ್ಪಂದ) ಅಂತ ಏನಾದರೂ ನೋಂದಣಿ ಆಗಿದೆಯಾ? ಎರಡನೆಯದು ಕಂಡರೆ ಡೆವಲಪರ್ ಬಾಗಿಲಿಗೆ ಬಂದಿದ್ದಾನೆ ಅಂತಲೇ ಲೆಕ್ಕ.

ಬ್ರೋಕರಿಗೆ ಬೇಡ ಅಂದೆ. ಅವನಿಗೆ ಬೇಜಾರೇನೂ ಆಗಲಿಲ್ಲ. ಮರುದಿನವೇ ತಿಲಕ್ ನಗರದ ಹೊಸ ಟವರಿಗೆ ಕರೆದುಕೊಂಡು ಹೋದ. ತಿಲಕ್ ನಗರ ಮ್ಹಾಡಾ ಕಾಲೋನಿ. ಹಳೇ ಮೂರು-ನಾಲ್ಕು ಮಹಡಿಯ ಕಟ್ಟಡಗಳು ಹೋಗಿ ಟವರುಗಳು ಎದ್ದಿವೆ. 2018ರಿಂದ ಮ್ಹಾಡಾ ಬಡಾವಣೆಗಳಿಗೆ ಮ್ಹಾಡಾವೇ ಯೋಜನಾ ಪ್ರಾಧಿಕಾರ, ಹಾಗಾಗಿ ಇಲ್ಲಿ ಓಸಿ ಕೊಡುವುದು ಬಾಂದ್ರಾದ ಗೃಹನಿರ್ಮಾಣ ಭವನದಿಂದ. ಮೊದಲ ಕಟ್ಟಡಕ್ಕೆ ಸಂಬಂಧವೇ ಇಲ್ಲದ ಮ್ಹಾಡಾ ಇಲ್ಲಿ ಎಲ್ಲವೂ! ಮನೆ ಇದ್ದದ್ದು 19ನೇ ಮಹಡಿ, ಕಿಟಕಿಯಿಂದ ಚಿತ್ರದಂಥ ನೋಟ. ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರದ ಪುಟ ತೆರೆದು ಪ್ರಾಜೆಕ್ಟ್ ಹೆಸರು ಹಾಕಿದೆ. ಹೊಸ ಕಟ್ಟಡವಾದರೆ ಇದೊಂದು ಸುಖ. 2017ರ ಮೇ ತಿಂಗಳ ನಂತರದ ಪ್ರಾಜೆಕ್ಟುಗಳ ಅನುಮತಿ ಪತ್ರ, ಕೋರ್ಟ್ ವ್ಯಾಜ್ಯ, ಖರೀದಿದಾರರ ದೂರು ಎಲ್ಲಾ ಒಂದೇ ಕಡೆ ಸಿಗುತ್ತವೆ. ಅಲ್ಲಿದ್ದದ್ದು ಪಾರ್ಟ್ ಓಸಿ, ಅದೂ 14ನೇ ಮಹಡಿಯವರೆಗೆ ಮಾತ್ರ. ಮಾಲೀಕರಿಗೆ ಸಿಕ್ಕಿದ್ದು ಫಿಟ್‌ಔಟ್ ಪೊಸೆಷನ್, ಒಳಗೆ ಕಪಾಟು, ಬಣ್ಣ ಮಾಡಿಸಿಕೊಳ್ಳಲು ಕೊಡುವ ಕೀಲಿ. ಓಸಿ ಇಲ್ಲದೆ ವಾಸ ಮಾಡುವುದು 353-ಎ ಪ್ರಕಾರ ತಪ್ಪು. ವರ್ಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನ ಕಥೆ ನೆನಪಿರುವವರಿಗೆ ಇದು ಹೊಸದಲ್ಲ. 1980ರ ದಶಕದಲ್ಲಿ ಐದು ಮಹಡಿಗೆ ಅನುಮತಿ ಪಡೆದು ಒಂದು ಕಟ್ಟಡವನ್ನು ಇಪ್ಪತ್ತರವರೆಗೆ ಏರಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಮೇಲಿನ ಮಹಡಿಗಳ ವಿರುದ್ಧ ತೀರ್ಪು ಕೊಟ್ಟಿತು. ನಾವು ನೋಟ ನೋಡಿ ಕೆಳಗಿಳಿದೆವು.

ಕೊನೆಗೆ ಸಿಕ್ಕ ಮನೆ ಅದೇ ಚೆಂಬೂರಿನಲ್ಲಿ, ಏಳು ಮಹಡಿಯ ಕಟ್ಟಡ, ವಯಸ್ಸು ಹದಿನೆಂಟು. ಬಾಡಿಗೆ ಜಾಸ್ತಿಯೇ. ಓಸಿ ಪ್ರತಿ ಮಾಲೀಕರ ಬಳಿ ಇತ್ತು. ಆಡಿಟ್ ಆಗಿತ್ತು. ಲಿಫ್ಟಿನೊಳಗೆ ಲೈಸೆನ್ಸ್ ಮತ್ತು ತಪಾಸಣೆಯ ದಿನಾಂಕ ಅಂಟಿಸಿದ್ದರು. ಬೆಂಕಿ ಸಲಕರಣೆ ಸರಿಯಾಗಿವೆ ಅಂತ ಲೈಸೆನ್ಸ್ ಇರುವ ಏಜೆನ್ಸಿಯವರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ ಕೊಡುವ ಫಾರ್ಮ್-ಬಿ ಆಫೀಸಿನಲ್ಲಿತ್ತು. ಜುಲೈದು ತರಿಸಿ ನೋಡಿದೆ. ಮೆಟ್ಟಿಲ ಬಳಿಯ ಹೋಸ್ ಪೆಟ್ಟಿಗೆ ತೆಗೆದರೆ ಒಳಗೆ ಪೊರಕೆ ಇತ್ತು, ಪೈಪಿನ ಜೊತೆಗೆ. ಪೈಪ್ ಇತ್ತಲ್ಲ, ಸಾಕು ಅಂದುಕೊಂಡೆ.

ಬೆಂಗಳೂರಿನಿಂದ ಬರುವವರಿಗೆ ಒಂದು ವಿಷಯ. ಅಲ್ಲಿ 11 ತಿಂಗಳ ಕರಾರು ಅಂತ ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿ ಮುಗಿಸುತ್ತೇವಲ್ಲ, ಇಲ್ಲಿ ಅದು ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಎಷ್ಟೇ ತಿಂಗಳದ್ದಾದರೂ ನೋಂದಣಿ ಕಡ್ಡಾಯ, ಹೊಣೆ ಮಾಲೀಕರದ್ದು. ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ನೋಂದಣಿ ಈಗ ಮನೆಯಲ್ಲೇ ಕೂತು ಆಗುತ್ತದೆ. ಏಜೆಂಟ್ ಲ್ಯಾಪ್‌ಟಾಪ್, ಬೆರಳಚ್ಚು ಯಂತ್ರ ತಂದು ಫೋಟೋ ಹೊಡೆದುಕೊಂಡು ಹೋಗುತ್ತಾನೆ.

ಕರಡು ಬಂದಾಗ ನಾನು ಒಂದು ಕಲಂ ಸೇರಿಸಲು ಕೇಳಿದೆ. ಕಟ್ಟಡಕ್ಕೆ 354ರ ನೋಟಿಸ್ ಬಂದರೆ, ಅಥವಾ ಸೊಸೈಟಿ ಪುನರ್ವಿಕಾಸಕ್ಕೆ ಖಾಲಿ ಮಾಡಿಸಿದರೆ, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಅನ್ನುವ ಷರತ್ತು) ಅನ್ವಯಿಸುವುದಿಲ್ಲ, ಡೆಪಾಸಿಟ್ ಪೂರ್ತಿ 15 ದಿನದೊಳಗೆ ವಾಪಸ್. ಮಾಲೀಕರು ಮೊದಲು ಮುಖ ಗಂಟಿಕ್ಕಿದರು. ಅವರ ಮಗಳು ವಕೀಲೆ, ಓದಿ ನೋಡಿ ಸರಿಯಾಗೇ ಇದೆ ಅಂದಳು. 15 ದಿನ 30 ಆಯಿತು, ಉಳಿದದ್ದು ಹಾಗೇ ಉಳಿಯಿತು. ಮಾಮೂಲಿ ನಮೂನೆಯಲ್ಲಿ ಇಲ್ಲದ ಕಲಂ ಟೈಪ್ ಮಾಡಿದ್ದಕ್ಕೆ ಏಜೆಂಟ್ 200 ರೂಪಾಯಿ ಜಾಸ್ತಿ ಕೇಳಿದ. ಮಾಲೀಕರು, ಅದು ನೀವೇ ಕೊಡಿ ಅಂದರು. ಕೊಟ್ಟೆ.